ಮೂರನೆಯ ಬೇಸಿಗೆಯ ನೀರು: ತುಮಕೂರಿನ ನಿಸರ್ಗ ಉದ್ಯಾನಗಳೂ ಅವುಗಳನ್ನು ಕಾಯುವವರೂ

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. 2016ರ ಸೆಪ್ಟೆಂಬರ್‌ನಲ್ಲಿ ಆ ಪಟ್ಟಿಗೆ ಸೇರಿದ ತುಮಕೂರಿನಲ್ಲಿ ರಸ್ತೆ, ಚರಂಡಿ, ಕಟ್ಟಡಗಳ ಜೊತೆಗೆ ಉದ್ಯಾನಗಳಿಗೂ ಅಮಾನಿಕೆರೆಯ ಅಂಗಳಕ್ಕೂ ಆ ಹಣದ ಒಂದು ಪಾಲು ಸಂದಿತು. ಒಂದು ನಗರಕ್ಕೆ ಕೇಂದ್ರದಿಂದ ₹500 ಕೋಟಿಯವರೆಗೆ, ರಾಜ್ಯದಿಂದ ಅಷ್ಟೇ ಮೊತ್ತ ಎಂಬುದು ಯೋಜನೆಯ ಲೆಕ್ಕಾಚಾರವಾಗಿತ್ತು. ಈ ಹಣ ಮುಖ್ಯವಾಗಿ ಹೊಸದನ್ನು ಕಟ್ಟುವುದಕ್ಕೆ ಮೀಸಲು. ಕಟ್ಟಿದ್ದನ್ನು ವರ್ಷದಿಂದ ವರ್ಷಕ್ಕೆ ನೋಡಿಕೊಳ್ಳುವ ಖರ್ಚು ಸ್ಥಳೀಯ ಸಂಸ್ಥೆಯ ಹೆಗಲಿಗೆ ಬೀಳುತ್ತದೆ. ರಸ್ತೆಗೆ ಡಾಂಬರು ಹಾಕಿ ಬಿಟ್ಟರೆ ಐದು ವರ್ಷ ಹೇಗೋ ನಡೆಯುತ್ತದೆ. ಗಿಡ ನೆಟ್ಟು ಬಿಟ್ಟರೆ ಒಂದು ಬೇಸಿಗೆಯೂ ನಡೆಯುವುದಿಲ್ಲ.

ಈ ಕೊರತೆಯನ್ನು ಇಂದು ಊರೂರಿನಲ್ಲಿ ತುಂಬುತ್ತಿರುವವರು ಬೆಳಗಿನ ವಾಯುವಿಹಾರಿಗಳು, ನಿವೃತ್ತ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಮತ್ತು ಪಕ್ಷಿ ವೀಕ್ಷಕರು. ಅವರು ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಹೆಕ್ಕುತ್ತಾರೆ, ಪಾತಿ ಮಾಡುತ್ತಾರೆ, ಕಾಂಗ್ರೆಸ್ ಗಿಡ ಕೀಳುತ್ತಾರೆ, ಯಾವ ಹಕ್ಕಿ ಯಾವಾಗ ಬಂತೆಂದು ಬರೆದಿಡುತ್ತಾರೆ. ಪರಿಸರ ದಿನದಂದು ಅವರಿಗೆ ಶಾಲು ಹೊದಿಸುವುದುಂಟು. ಆದರೆ ಮರುದಿನ ಅದೇ ಉದ್ಯಾನದಲ್ಲಿ ಒಂದು ಮರಕ್ಕೆ ಕೊಡಲಿ ಬಿದ್ದರೆ ಪ್ರಶ್ನಿಸುವ ಅಧಿಕಾರ ಅವರ ಕೈಯಲ್ಲಿ ಇರುವುದಿಲ್ಲ. ನಗರದ ನಿಸರ್ಗ ಉದ್ಯಾನಗಳ ಸಮಸ್ಯೆಯ ಬುಡ ಇಲ್ಲಿದೆ ಎಂಬುದು ನನ್ನ ನಂಬಿಕೆ. ಸ್ವಯಂಸೇವಕರನ್ನು ನಾವು ಸಂಬಳವಿಲ್ಲದ ಕೆಲಸಗಾರರಂತೆ ನೋಡುತ್ತಿದ್ದೇವೆ. ಅವರು ನಿಜವಾಗಿ ಕೊಡುತ್ತಿರುವುದು ಆ ಜಾಗದ ನಿರಂತರ ತಿಳಿವಳಿಕೆ, ಮತ್ತು ಅದಕ್ಕೆ ಆಡಳಿತದಲ್ಲಿ ಸ್ಥಾನವಿಲ್ಲ.

ಮೊದಲು ನೀರಿನ ಲೆಕ್ಕ ನೋಡೋಣ. ತುಮಕೂರು ಬಯಲುಸೀಮೆಯ ಊರು. ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ರೈತರ ಮಾತಿನಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಜೂನ್ ಮತ್ತು ಜುಲೈ ತಿಂಗಳುಗಳು ಮಲೆನಾಡಿನಲ್ಲಿ ಇರುವಂತೆ ಇಲ್ಲಿ ಇರುವುದಿಲ್ಲ; ಮೃಗಶಿರೆ ಕೈಕೊಟ್ಟರೆ ಮೂರ್ನಾಲ್ಕು ವಾರ ಒಣಗಾಳಿಯಷ್ಟೇ ಬೀಸುತ್ತದೆ. ಆದರೂ ಸಸಿ ನೆಡುವ ಕಾರ್ಯಕ್ರಮಗಳೆಲ್ಲ ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಅಂಟಿಕೊಂಡಿವೆ. ಆ ದಿನ ನೆಟ್ಟ ಸಸಿ ಮೊದಲ ಸಂಕಟವನ್ನು ಎದುರಿಸುವುದು ಬೇಸಿಗೆಯಲ್ಲಲ್ಲ, ಮಳೆಗಾಲದ ಹೆಸರಿನ ಆ ಒಣ ವಾರಗಳಲ್ಲಿಯೇ. ಅದನ್ನು ದಾಟಿ ಬದುಕಿದರೆ ಮುಂದಿನ ಫೆಬ್ರುವರಿಯಿಂದ ಮೇವರೆಗೆ ನೀರು ಬೇಕು. ಒಂದು ಸಸಿಗೆ ವಾರಕ್ಕೆ ಹತ್ತು ಲೀಟರ್ ಎಂದು ಹಿಡಿದರೂ 500 ಸಸಿಗಳಿಗೆ ವಾರಕ್ಕೆ 5,000 ಲೀಟರ್, ಅಂದರೆ ಹೆಚ್ಚು ಕಡಿಮೆ ಒಂದು ಟ್ಯಾಂಕರ್ ನೀರು. ಹದಿನೇಳು ವಾರಗಳಿಗೆ 85,000 ಲೀಟರ್. ಹೇಮಾವತಿಯ ನೀರಿಗಾಗಿ ಬುಗುಡನಹಳ್ಳಿ ಕೆರೆಯತ್ತ ಕಣ್ಣು ನೆಟ್ಟು ಕೂರುವ ಊರಿನಲ್ಲಿ ಬೇಸಿಗೆಯಲ್ಲಿ ಗಿಡಗಳಿಗೆ ಟ್ಯಾಂಕರ್ ಬೇಕೆಂದು ಕೇಳುವುದು ಸುಲಭದ ಮಾತಲ್ಲ. ಹಾಗೆ ಕೇಳಲಾಗದೆ ಮನೆಯಿಂದ ಕ್ಯಾನುಗಳಲ್ಲಿ ನೀರು ತಂದು ಹಾಕುವವರಿಂದಲೇ ಎಷ್ಟೋ ಗಿಡಗಳು ಉಳಿಯುತ್ತವೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಬ್ಬರ ಕೆಲಸವನ್ನು ಹೊಗಳಿಕೆಯಾಚೆಗೆ, ಒಂದು ವಿಧಾನವಾಗಿ ಗಮನಿಸಬೇಕು. 2025ರ ನವೆಂಬರ್‌ನಲ್ಲಿ ನಿಧನರಾದ ಸಾಲುಮರದ ತಿಮ್ಮಕ್ಕ ಗುಬ್ಬಿಯವರು. ಮಾಗಡಿ ತಾಲ್ಲೂಕಿನ ಹುಲಿಕಲ್‌ಗೆ ಮದುವೆಯಾಗಿ ಹೋಗಿ, ಪತಿ ಚಿಕ್ಕಯ್ಯನವರೊಂದಿಗೆ ಹುಲಿಕಲ್ ಮತ್ತು ಕುದೂರು ನಡುವಿನ ದಾರಿಯಲ್ಲಿ ಆಲದ ಮರಗಳನ್ನು ಬೆಳೆಸಿದರು. ಅವುಗಳ ಸಂಖ್ಯೆ 385 ಎಂಬುದು ಪ್ರಚಲಿತ ಲೆಕ್ಕ. ಎಲ್ಲರೂ ನೆನಪಿಡುವುದು ಆ ಸಂಖ್ಯೆಯನ್ನು. ನಾವು ಕಲಿಯಬೇಕಾದುದು ಅದಕ್ಕಿಂತ ಚಿಕ್ಕ ಸಂಖ್ಯೆಗಳಿಂದ: ಅವರು ಮೊದಲ ವರ್ಷ ನೆಟ್ಟದ್ದು ಹತ್ತು, ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಎಷ್ಟು ಗಿಡಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಲು ಸಾಧ್ಯವೋ, ಎಷ್ಟಕ್ಕೆ ಮುಳ್ಳು ಕಟ್ಟಿ ದನಗಳಿಂದ ಕಾಪಾಡಲು ಸಾಧ್ಯವೋ ಅಷ್ಟನ್ನೇ ನೆಟ್ಟರೆ ಬರುವ ಸಂಖ್ಯೆಗಳು ಇಂಥವೇ. ಇಂದು ರಾಜ್ಯದ ಅರಣ್ಯ ಇಲಾಖೆಯ ವೃಕ್ಷೋದ್ಯಾನಗಳಿಗೆ ಅವರ ಹೆಸರಿದೆ. ಅವರ ಲೆಕ್ಕ ಮಾತ್ರ ನಮ್ಮ ಕಾರ್ಯಕ್ರಮಗಳಲ್ಲಿ ಇಲ್ಲ. ಒಂದೇ ದಿನದಲ್ಲಿ ಐದು ಸಾವಿರ, ಹತ್ತು ಸಾವಿರ ಸಸಿ ಎಂಬ ಘೋಷಣೆ ಮಾಡುವವರಲ್ಲಿ, ಫೆಬ್ರುವರಿಯ ಮೊದಲ ವಾರ ಇವುಗಳಿಗೆ ನೀರು ಹಾಕುವವರು ಯಾರು ಎಂದು ಕೇಳಿದರೆ ಸಿಗುವ ಉತ್ತರ ಅಸ್ಪಷ್ಟವಾಗಿರುತ್ತದೆ.

ಸರ್ಕಾರಿ ನೆಡುತೋಪು ಕಾಮಗಾರಿಗಳಲ್ಲಿ ನೆಟ್ಟ ನಂತರ ಸಾಮಾನ್ಯವಾಗಿ ಮೂರು ವರ್ಷ ನಿರ್ವಹಣೆ ಎಂಬ ಅಂದಾಜು ಇರುತ್ತದೆ. ಬಯಲುಸೀಮೆಯ ಮಣ್ಣಿನಲ್ಲಿ ಹೊಂಗೆ, ಬೇವು, ಹಿಪ್ಪೆ, ಬಸರಿಯಂತಹ ಗಿಡಗಳು ತಮ್ಮ ಬೇರಿನ ಮೇಲೆ ತಾವು ನಿಲ್ಲುವುದಕ್ಕೆ ಕನಿಷ್ಠ ಅಷ್ಟಾದರೂ ಬೇಕು. ಇನ್ನೊಂದು ಕಡೆ, ಉದ್ಯಾನಗಳಲ್ಲಿ ದುಡಿಯುವ ಯುವಜನರ ಬಹುದೊಡ್ಡ ಪಡೆ ಬರುವುದು ರಾಷ್ಟ್ರೀಯ ಸೇವಾ ಯೋಜನೆಯಿಂದ. ಅಲ್ಲಿ ಒಬ್ಬ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಒಟ್ಟು 240 ಗಂಟೆ ಸೇವೆ ಸಲ್ಲಿಸಬೇಕು. ಗಿಡಕ್ಕೆ ಮೂರು ಬೇಸಿಗೆ ಬೇಕು, ವಿದ್ಯಾರ್ಥಿ ಇರುವುದು ಎರಡು ವರ್ಷ. ಆ ಎರಡು ವರ್ಷಗಳಲ್ಲಿಯೂ ಏಪ್ರಿಲ್ ಮತ್ತು ಮೇ ತಿಂಗಳುಗಳು ಪರೀಕ್ಷೆಗೂ ರಜೆಗೂ ಹೋಗುತ್ತವೆ. ಗಿಡಕ್ಕೆ ಜನ ಬೇಕಾದ ವಾರಗಳೂ ಕಾಲೇಜು ಖಾಲಿಯಾಗುವ ವಾರಗಳೂ ಒಂದೇ. ಇದು ವಿದ್ಯಾರ್ಥಿಗಳ ತಪ್ಪಲ್ಲ, ಅವರ ಉತ್ಸಾಹ ಕಡಿಮೆಯೂ ಅಲ್ಲ. ಊರಲ್ಲೇ ಇರುವ ಹಿರಿಯರ ಗುಂಪೊಂದು ವಿದ್ಯಾರ್ಥಿಗಳ ಜೊತೆ ಜೋಡಿಯಾದಲ್ಲಿ, ಒಂದು ತಂಡ ಹೋಗುವಾಗ ಮತ್ತೊಂದಕ್ಕೆ ಗಿಡಗಳ ಪಟ್ಟಿಯನ್ನು ಒಪ್ಪಿಸಿ ಹೋಗುವ ಪದ್ಧತಿ ಇದ್ದಲ್ಲಿ, ಈ ಅಂತರ ಬಹಳ ಮಟ್ಟಿಗೆ ಮುಚ್ಚುತ್ತದೆ.

ನೀರು ಹಾಕುವುದಕ್ಕಿಂತ ಸೂಕ್ಷ್ಮವಾದ ಕೆಲಸವೆಂದರೆ ಯಾವುದನ್ನು ಮಾಡಬಾರದು ಎಂದು ತಿಳಿದಿರುವುದು. ಉದ್ಯಾನವೆಂದರೆ ಹುಲ್ಲುಹಾಸು, ಕತ್ತರಿಸಿದ ಬೇಲಿ, ಸಿಮೆಂಟಿನ ಇಟ್ಟಿಗೆಯ ದಾರಿ, ಬಣ್ಣದ ದೀಪ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಸರ್ಗ ಉದ್ಯಾನ ಬೇರೆಯೇ ಬಗೆಯದು. ಅಲ್ಲಿ ಕಾರೆ, ಬಂದರಿಕೆ, ತುಗ್ಗಲಿಯಂತಹ ಪೊದೆಗಳು ಇರಬೇಕು. ಹರಟೆಮಲ್ಲಗಳೂ ಪಿಕಳಾರಗಳೂ ಗೂಡು ಕಟ್ಟುವುದು ಅವುಗಳಲ್ಲಿ. ಬಯಲಾಗಿ ಬಿಟ್ಟ ಕಲ್ಲುನೆಲವೂ ಇರಬೇಕು. ಟಿಟ್ಟಿಭ ಮೊಟ್ಟೆ ಇಡುವುದು ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ. ದರಗು ಕೊಳೆತು ಮಣ್ಣಾಗಬೇಕು. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದು ನಮ್ಮ ಉದ್ಯಾನಗಳಲ್ಲಿ ನಿತ್ಯ ನಡೆಯುವ ಕೆಲಸ, ಮತ್ತು ಅದನ್ನು ಸ್ವಚ್ಛತೆ ಎಂದೇ ಕರೆಯಲಾಗುತ್ತದೆ. ಒಂದು ಮರ ವರ್ಷವಿಡೀ ಮಾಡಿದ ಗೊಬ್ಬರ ಹತ್ತು ನಿಮಿಷದಲ್ಲಿ ಹೊಗೆಯಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತುಮಕೂರಿನ ಮಟ್ಟಿಗೆ ಈ ತಿಳಿವಳಿಕೆಗೆ ಒಂದು ವಿಶೇಷ ಕಾರಣವಿದೆ. ಈ ತಾಲ್ಲೂಕು ಕಾಡುಪಾಪಗಳ ನೆಲೆ. ನಾಗವಲ್ಲಿಯ ಸುತ್ತಮುತ್ತ ಆ ಪ್ರಾಣಿಯ ಇರುವಿಕೆಯನ್ನು ಲೋಕಕ್ಕೆ ತಿಳಿಸಿ, ಊರಿನವರ ಮನಸ್ಸನ್ನು ಅದರ ಪರವಾಗಿ ತಿರುಗಿಸುವುದರಲ್ಲಿ ಶಾಲಾ ಶಿಕ್ಷಕರೊಬ್ಬರು, ಅವರ ವಿದ್ಯಾರ್ಥಿಗಳು ಹಾಗೂ ಸ್ಥಳೀಯ ಪರಿಸರಾಸಕ್ತರು ವಹಿಸಿದ ಪಾತ್ರ ದೊಡ್ಡದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆಯ ಪಟ್ಟಿಯಲ್ಲಿ, ಕಾಡುಪಾಪ ಇದೆ. ಅದು ರಾತ್ರಿ ಸಂಚರಿಸುವ ಪ್ರಾಣಿ; ನೆಲಕ್ಕೆ ಇಳಿಯುವುದು ಅಪರೂಪ; ಒಂದು ಕೊಂಬೆಯಿಂದ ಇನ್ನೊಂದಕ್ಕೆ ಕೈ ಚಾಚಿ ನಿಧಾನವಾಗಿ ದಾಟುತ್ತದೆ, ಜಿಗಿಯುವುದಿಲ್ಲ. ಆದ್ದರಿಂದ ಎರಡು ಮರಗಳ ಕೊಂಬೆಗಳು ಪರಸ್ಪರ ತಾಗಿಕೊಂಡಿರುವುದು ಅದಕ್ಕೆ ಬದುಕಿನ ಪ್ರಶ್ನೆ. ಅಂದ ಕೆಡುತ್ತದೆಂದು ಕೊಂಬೆ ಸವರಿಸುವುದು, ಬೇಲಿಯ ಪೊದೆಗಳನ್ನು ಜೆಸಿಬಿಯಿಂದ ಎತ್ತಿಸುವುದು, ರಾತ್ರಿಯಿಡೀ ದೀಪ ಉರಿಸುವುದು ಇವೆಲ್ಲ ಅದರ ದಾರಿಯನ್ನು ಕಡಿಯುತ್ತವೆ. ಹೊರಗಿನ ಗುತ್ತಿಗೆದಾರರಿಗೆ ಇದು ಗೊತ್ತಿರಬೇಕೆಂದು ನಿರೀಕ್ಷಿಸುವುದು ಕಷ್ಟ. ಗೊತ್ತಿರುವವರು ಅಲ್ಲಿಯೇ ಇದ್ದಾಗ, ಕೆಲಸದ ಆದೇಶ ಹೊರಡುವ ಮೊದಲು ಅವರನ್ನು ಕೇಳದೆ ಇರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ದೀಪ ಬೇಕು, ಪೊದೆ ಬೇಡ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಸಂಜೆ ಏಳರ ನಂತರ ಕತ್ತಲಿನ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ನಡೆಯಲು ಅಂಜುವುದಾದರೆ ಆ ಉದ್ಯಾನ ಅರ್ಧ ಊರಿಗೆ ಮುಚ್ಚಿದಂತೆಯೇ. ಹಾವಿನ ಭಯವೂ ನಿಜವೇ. ಇದಕ್ಕೆ ಪರಿಹಾರ ಜಾಗದ ಹಂಚಿಕೆಯಲ್ಲಿದೆ: ಪ್ರವೇಶದ್ವಾರದ ಬಳಿಯ ಒಂದು ಭಾಗ ಬೆಳಕಿನ, ತೆರೆದ, ಆಟದ ಜಾಗವಾಗಿರಲಿ, ಒಳಭಾಗ ಸಂಜೆಗೆ ಮುಚ್ಚಲಿ, ದೀಪಗಳು ನೆಲಕ್ಕೆ ಮುಖಮಾಡಿರಲಿ. ಯಾವ ಭಾಗ ಯಾವುದಕ್ಕೆ ಎಂಬ ತೀರ್ಮಾನವನ್ನು ನಕ್ಷೆಯ ಮೇಲೆ ಕೂತು ಮಾಡುವುದಕ್ಕಿಂತ, ವರ್ಷಗಟ್ಟಲೆ ಅಲ್ಲಿ ಓಡಾಡಿದವರ ಜೊತೆ ನಡೆದು ಮಾಡುವುದು ಒಳ್ಳೆಯದು.

ಗಿಡ ನೆಡುವುದೇ ಸದಾ ಒಳ್ಳೆಯ ಕೆಲಸ ಎಂಬ ನಂಬಿಕೆಯನ್ನೂ ಸ್ವಲ್ಪ ತಡೆದು ನೋಡಬೇಕಿದೆ. ಈ ಸೀಮೆಯ ಸಹಜ ರೂಪ ದಟ್ಟ ಕಾಡಲ್ಲ. ದೇವರಾಯನದುರ್ಗದ ಇಳಿಜಾರುಗಳಲ್ಲಿ ಎಲೆಯುದುರುವ ಕಾಡು, ಅದರ ಕೆಳಗೆ ಕುರುಚಲು, ಬಯಲಿನಲ್ಲಿ ಕಾವಲುಗಳ ಹುಲ್ಲುಗಾವಲು ಎಂಬುದು ಇಲ್ಲಿಯ ಕ್ರಮ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ ಉಳಿದಿರುವುದು ಹುಲ್ಲಿನಿಂದ. ಅಲ್ಲಿ ಮರ ತುಂಬಿಸಿದರೆ ಕೃಷ್ಣಮೃಗ ಇರುವುದಿಲ್ಲ. ನಗರದೊಳಗಿನ ಉದ್ಯಾನಕ್ಕೂ ಇದೇ ವಿವೇಕ ಬೇಕು. ಕೆರೆಯಂಚಿನ ಕೆಸರು ನೆಲದಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಮೇಯುತ್ತವೆ. ಆ ಅಂಚನ್ನು ಕಲ್ಲಿನಿಂದ ಕಟ್ಟಿ ಗಿಡ ನೆಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ, ಹಕ್ಕಿ ಬರುವುದಿಲ್ಲ. ಇತ್ತೀಚೆಗೆ ಎಲ್ಲೆಡೆ ಹಬ್ಬಿರುವ ಒತ್ತೊತ್ತಾಗಿ ನೆಡುವ ಮಿಯಾವಾಕಿ ಪದ್ಧತಿಯೂ ಇಂತಹ ಒಣ ನೆಲದಲ್ಲಿ ಮೊದಲ ಎರಡು ಮೂರು ವರ್ಷ ಬಹಳ ನೀರು ಕೇಳುತ್ತದೆ ಎಂಬುದನ್ನು ಅದನ್ನು ಒಪ್ಪುವ ಮೊದಲು ಲೆಕ್ಕ ಹಾಕಬೇಕು.

ಸಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಉದಾಹರಣೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಊರ ನಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಗೂಡಿನ ಕಾಲದಲ್ಲಿ ಊರಿನವರು ಸಹಿಸುವುದು ಕಡಿಮೆಯಲ್ಲ: ಮನೆಯಂಗಳದಲ್ಲಿ ಹಿಕ್ಕೆ, ಕೊಳೆತ ಮೀನಿನ ವಾಸನೆ, ಹುಣಸೆ ಫಸಲಿನ ನಷ್ಟ. ಆದರೂ ಹಕ್ಕಿಗಳಿಗೆ ತೊಂದರೆ ಕೊಡುವವರನ್ನು ಊರಿನವರೇ ತಡೆಯುತ್ತಾರೆ. ಕಗ್ಗಲಡುವಿನ ಮರಗಳನ್ನು ಊರಿನವರು ತಮ್ಮವೆಂದು ಕಾಣುತ್ತಾರೆ, ಏನು ಮಾಡಬಹುದು ಏನು ಮಾಡಬಾರದು ಎಂಬುದನ್ನು ಹೇಳುವ ಮಾತಿನ ಬಲ ಅವರಿಗಿದೆ. ನಗರದ ಸ್ವಯಂಸೇವಕರಿಗೆ ಇಲ್ಲದಿರುವುದು ನಿಖರವಾಗಿ ಆ ಬಲ. ನಗರದಲ್ಲಿ ಕೆರೆಯ ನೀರು ಒಂದು ಇಲಾಖೆಗೆ, ಏರಿಯ ಮೇಲಿನ ರಸ್ತೆ ಇನ್ನೊಂದಕ್ಕೆ, ಉದ್ಯಾನ ಪಾಲಿಕೆಗೋ ನಗರಾಭಿವೃದ್ಧಿ ಪ್ರಾಧಿಕಾರಕ್ಕೋ, ಮರ ಕಡಿಯುವ ಅನುಮತಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಸೇರಿರುತ್ತದೆ. ಒಂದು ಕೊಳವೆ ಒಡೆದರೆ ಯಾರನ್ನು ಕೇಳಬೇಕೆಂದು ತಿಳಿಯುವುದಕ್ಕೇ ವಾರ ಹಿಡಿಯುತ್ತದೆ.

ಕಾನೂನು ಇಲ್ಲವೆಂದಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ತಡೆಯಲು ರಾಜ್ಯದಲ್ಲಿ 1985ರ ಕಾಯ್ದೆ ಇದೆ. ಮರಗಳ ರಕ್ಷಣೆಗೆ 1976ರ ಕಾಯ್ದೆ ಇದೆ. ಆದರೆ ಈ ಕಾಯ್ದೆಗಳು ನಾಗರಿಕರನ್ನು ದೂರುದಾರರಾಗಿ ಕಾಣುತ್ತವೆ, ಪಾಲುದಾರರಾಗಿ ಕಾಣುವುದಿಲ್ಲ. ತಿಮ್ಮಕ್ಕನವರ ಮರಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. 2019ರಲ್ಲಿ ಬಾಗೇಪಲ್ಲಿ ಮತ್ತು ಹಲಗೂರು ನಡುವಿನ ರಸ್ತೆ ವಿಸ್ತರಣೆಗೆ ಆ ಆಲದ ಸಾಲು ಬಲಿಯಾಗುವ ಸ್ಥಿತಿ ಬಂದಾಗ, ಮುಖ್ಯಮಂತ್ರಿಯವರಿಗೂ ಉಪಮುಖ್ಯಮಂತ್ರಿಯವರಿಗೂ ಅವರೇ ಮನವಿ ಮಾಡಿಕೊಳ್ಳಬೇಕಾಯಿತು. ಪರ್ಯಾಯ ಹುಡುಕಲು ಸರ್ಕಾರ ಒಪ್ಪಿತು. ಪದ್ಮಶ್ರೀ ಪಡೆದವರ ಮನವಿಗೆ ಬಾಗಿಲು ತೆರೆಯಿತು. ಹೆಸರಿಲ್ಲದ ಒಂದು ಬಡಾವಣೆಯ ಗುಂಪಿಗೆ ಅದು ತೆರೆಯುತ್ತದೆಂಬ ಭರವಸೆ ಇಲ್ಲ.

ಬೆಂಗಳೂರಿನ ಅನುಭವ ಇಲ್ಲಿ ಎರಡು ಪಾಠ ಕಲಿಸುತ್ತದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನೋಡಿಕೊಳ್ಳಲು ಅಲ್ಲಿಯ ನಿವಾಸಿಗಳ ಟ್ರಸ್ಟ್ ಮತ್ತು ಮಹಾನಗರ ಪಾಲಿಕೆಯ ನಡುವೆ 2011ರಲ್ಲಿ ಲಿಖಿತ ಒಪ್ಪಂದವಾಯಿತು. ಯಾರು ಏನು ಮಾಡಬೇಕೆಂಬುದು ಕಾಗದದ ಮೇಲೆ ಇದ್ದುದರಿಂದ ಕೆಲಸ ವ್ಯವಸ್ಥಿತವಾಗಿ ನಡೆಯಿತು. ನಂತರದ ವರ್ಷಗಳಲ್ಲಿ, ಸಾರ್ವಜನಿಕ ಕೆರೆಗಳು ಖಾಸಗಿಯವರ ಹಿಡಿತಕ್ಕೆ ಹೋಗಬಾರದೆಂಬ ಕಾಳಜಿಯಿಂದ ಹೈಕೋರ್ಟ್ ಇಂತಹ ಒಪ್ಪಂದಗಳಿಗೆ ತಡೆ ಒಡ್ಡಿತು. ಕಂಪನಿಯೊಂದು ತನ್ನ ಹೆಸರಿನ ಫಲಕ ಹಾಕಿ ಕೆರೆಯನ್ನು ತನ್ನದೆಂಬಂತೆ ನಡೆಸಿಕೊಳ್ಳುವುದನ್ನು ತಡೆಯುವುದು ಸರಿಯೇ. ಅದೇ ತಡೆ ನಿವಾಸಿಗಳ ಗುಂಪುಗಳಿಗೂ ತಾಗಿದ್ದು ನಷ್ಟ. ಒಪ್ಪಂದ ಬೇಕು, ಆದರೆ ಅದು ಖಾಸಗಿ ಟ್ರಸ್ಟಿಗಿಂತ ಶಾಸನಬದ್ಧ ಸಮಿತಿಯೊಂದರ ಮೂಲಕ ಬಂದರೆ ಗಟ್ಟಿಯಾಗಿ ನಿಲ್ಲುತ್ತದೆ.

ಅಂತಹ ಸಮಿತಿ ಹೊಸದಾಗಿ ಹುಟ್ಟಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮೂಲಿಕೆ ಬಲ್ಲವರು, ಕೃಷಿಕರು, ಮೀನುಗಾರರು, ಅಧ್ಯಾಪಕರು, ಸಮಾಜ ಕಾರ್ಯಕರ್ತರು ಅದರಲ್ಲಿ ಇರಬೇಕು, ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು ಎಂಬುದು ನಿಯಮಗಳ ಆಶಯ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟಾಗ ದೇಶದಾದ್ಯಂತ ಸಮಿತಿಗಳೂ ದಾಖಲಾತಿಗಳೂ ತರಾತುರಿಯಲ್ಲಿ ತಯಾರಾದವು. ತರಾತುರಿಯ ದಾಖಲೆಯಲ್ಲಿ ಜೀವ ಇರುವುದು ಕಡಿಮೆ. ಅದಕ್ಕೆ ಜೀವ ತುಂಬುವ ಸಾಮಗ್ರಿ ಸ್ವಯಂಸೇವಕರ ನೋಟ್‌ಬುಕ್ಕುಗಳಲ್ಲಿದೆ, ಪಕ್ಷಿ ವೀಕ್ಷಕರು ಹಕ್ಕಿಗಳ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಸೇರಿಸಿದ ಪಟ್ಟಿಗಳಲ್ಲಿದೆ. ಒಂದು ಮರ ಯಾವ ವಾರ ಚಿಗುರಿತು, ಯಾವ ವರ್ಷ ವಲಸೆ ಬಾತುಗಳು ತಡವಾಗಿ ಬಂದವು ಎಂಬ ಮಾಹಿತಿ ಹತ್ತು ವರ್ಷ ಸೇರಿದರೆ ಅದಕ್ಕೆ ಸಮನಾದ ಸರ್ಕಾರಿ ಸಮೀಕ್ಷೆ ಇರುವುದಿಲ್ಲ. ಪಾಲಿಕೆಯ ಸಮಿತಿಯಲ್ಲಿ ಇಂತಹವರಿಗೆ ಸ್ಥಾನ ಕೊಟ್ಟು, ಉದ್ಯಾನದಲ್ಲಿ ಯಾವುದೇ ಕಾಮಗಾರಿಗೆ ಟೆಂಡರ್ ಕರೆಯುವ ಮೊದಲು ಸಮಿತಿಯ ಅಭಿಪ್ರಾಯ ದಾಖಲಾಗಬೇಕೆಂಬ ಒಂದು ನಿರ್ಣಯ ಮಾಡಿದರೆ ಸಾಕು. ಅದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಹಣವೂ ಬೇಡ.

ಸ್ವಯಂಸೇವಕರ ಬಗ್ಗೆ ಇಷ್ಟು ಹೇಳುವಾಗ ಎರಡು ಎಚ್ಚರಿಕೆಗಳು ಅಗತ್ಯ. ಭಾನುವಾರದ ಶ್ರಮದಾನ ಪೌರಕಾರ್ಮಿಕರ, ಮಾಲಿಗಳ, ಕಾವಲುಗಾರರ ಹುದ್ದೆಗಳನ್ನು ತೆಗೆಯುವುದಕ್ಕೆ ನೆಪವಾಗಬಾರದು. ವಾರದಲ್ಲಿ ಆರು ದಿನ ಬಾಗಿಲು ತೆರೆದು, ನೀರು ಬಿಟ್ಟು, ಬೇಸಿಗೆಯ ಬೆಂಕಿಯನ್ನು ಮೊದಲು ಕಾಣುವವರು ಅವರು. ಅವರಿಗೆ ಸಂಬಳ ಸರಿಯಾಗಿ ಬರದಿದ್ದರೆ ಯಾವ ಸ್ವಯಂಸೇವೆಯೂ ಉದ್ಯಾನವನ್ನು ಉಳಿಸುವುದಿಲ್ಲ. ಇನ್ನೊಂದು, ಬೇಲಿಯ ಪ್ರಶ್ನೆ. ನಗರದ ಅಂಚಿನ ಬಯಲುಗಳಲ್ಲಿ ಕುರಿ ಮೇಯಿಸುವವರು, ಸೌದೆ ಆರಿಸುವವರು, ಸೊಪ್ಪು ಕೀಳುವ ಹೆಂಗಸರು ಉದ್ಯಾನ ಹುಟ್ಟುವ ಮೊದಲಿನಿಂದ ಇದ್ದವರು. ಶೂ ಹಾಕಿ ನಡೆಯುವವರಿಗಾಗಿ ಅವರನ್ನು ಹೊರಹಾಕುವುದು ಅನ್ಯಾಯ, ಜೊತೆಗೆ ತಪ್ಪು ಲೆಕ್ಕವೂ ಹೌದು. ಒಣಹುಲ್ಲು ಆಳೆತ್ತರ ನಿಂತರೆ ಫೆಬ್ರುವರಿಯಲ್ಲಿ ಒಂದು ಬೀಡಿಯ ಕಿಡಿ ಸಾಕು. ಗೊತ್ತುಪಡಿಸಿದ ಭಾಗದಲ್ಲಿ, ಗೊತ್ತಾದ ತಿಂಗಳುಗಳಲ್ಲಿ ಹುಲ್ಲು ಕೊಯ್ದುಕೊಳ್ಳಲು ಅವಕಾಶ ಕೊಟ್ಟರೆ ಬೆಂಕಿಯ ಅಪಾಯವೂ ತಗ್ಗುತ್ತದೆ, ಕಾಯುವ ಕಣ್ಣುಗಳೂ ಹೆಚ್ಚುತ್ತವೆ.

ಹಣದ ವಿಷಯ ಚಿಕ್ಕದು. ಕೇಂದ್ರ ಪರಿಸರ ಸಚಿವಾಲಯ 2020ರಲ್ಲಿ ಆರಂಭಿಸಿದ ನಗರ ವನ ಯೋಜನೆ ಹೆಕ್ಟೇರಿಗೆ ₹4 ಲಕ್ಷ ನೆರವು ಕೊಡುತ್ತದೆ. ಅದಕ್ಕೆ ಮಾದರಿಯಾದ ಪುಣೆಯ ವಾರ್ಜೆ ನಗರ ಅರಣ್ಯ ಬೆಳೆದದ್ದು ಜನರ ಪಾಲ್ಗೊಳ್ಳುವಿಕೆಯಿಂದ. ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶ ಇರುವ ತುಮಕೂರಿನಲ್ಲಿ, ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕಾದ ಕಂಪನಿಗಳೂ ಇರುತ್ತವೆ. ಆ ಹಣ ಜೂನ್ ತಿಂಗಳ ಸಸಿಗಳಿಗೆ ಹೋಗುವ ಬದಲು ಮೂರು ವರ್ಷಗಳ ಫೆಬ್ರುವರಿಯಿಂದ ಮೇವರೆಗಿನ ನೀರಿಗೆ ಮತ್ತು ಒಬ್ಬ ಕಾವಲುಗಾರರ ಸಂಬಳಕ್ಕೆ ಮೊದಲೇ ಠೇವಣಿಯಾಗಬೇಕು. ಅಷ್ಟು ಠೇವಣಿ ಇಲ್ಲದಿದ್ದರೆ ಅಷ್ಟು ಗಿಡಗಳಿಗೆ ಅನುಮತಿ ಬೇಡ. ಈ ಷರತ್ತನ್ನು ಪಾಲಿಕೆ ಮುಂದಿನ ನೆಡುವ ಕಾಲಕ್ಕೇ ಹಾಕಬಹುದು, ನೆಡುವ ದಿನವನ್ನೂ ಉತ್ತರೆ ಮಳೆ ಹಿಡಿದ ಮೇಲೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಪ್ರತಿ ಉದ್ಯಾನದ ಈಗಿನ ಗಿಡಗಳಲ್ಲಿ ಯಾವುದು ಯಾವ ವರ್ಷ ನೆಟ್ಟದ್ದು, ಯಾವುದಕ್ಕೆ ಇನ್ನೆಷ್ಟು ಬೇಸಿಗೆ ನೀರು ಬೇಕು ಎಂಬ ಪಟ್ಟಿ ಸಿದ್ಧವಾಗಬೇಕು. ಅದನ್ನು ಮಾಡಿಕೊಡಬಲ್ಲವರು ಪ್ರತಿದಿನ ಬೆಳಿಗ್ಗೆ ಅಲ್ಲಿಗೆ ಬರುತ್ತಲೇ ಇದ್ದಾರೆ.